ಪದ್ಯಕ್ಕೆ ಬೆದರಿದ ಸರಕಾರ: ಬೇಂದ್ರೆಯವರ 1932

ಘೋಡಗೇರಿ (ಬೆಳಗಾವಿ ಜಿಲ್ಲೆ): ಘಟಪ್ರಭೆಯ ದಂಡೆಯ ಈ ಊರಿನ ಹೆಸರು ನಾಡಿನ ಓದುಗರಿಗೆ ಪರಿಚಯವಾದದ್ದು ಚಂದ್ರಶೇಖರ ಕಂಬಾರರಿಂದ. 1937ರ ಜನವರಿ 2ರಂದು ಇಲ್ಲಿ ಹುಟ್ಟಿದ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು. ಅವರು ಮಾವೋನನ್ನು ಕುರಿತು ಬರೆದ ಪದ್ಯವೊಂದು ಹಾಡಾಗಿಯೂ ಜನಪ್ರಿಯವಾಗಿದೆ. ಗೋಕಾಕ ಸೀಮೆಯ ಆಡುಮಾತು ಚೀನದ ನಾಯಕನನ್ನು ಮಾತಿಗೆಳೆಯುವ ಆ ಪದ್ಯದ ಮೋಡಿ ಇಂದಿಗೂ ಮಾಸಿಲ್ಲ. ಆದರೆ ಅದೇ ಮಾವೋನ ಆಳ್ವಿಕೆಯಲ್ಲಿ ಚೀನದ ದೊಡ್ಡ ಕವಿಯೊಬ್ಬ ಶಿಂಜಿಯಾಂಗ್ ಮರುಭೂಮಿಯ ಅಂಚಿನಲ್ಲಿ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುತ್ತಿದ್ದ. ಆತನ ಹೆಸರು ಐ ಚಿಂಗ್.

ಐ ಚಿಂಗ್ ಮೊದಲ ಬಾರಿ ಸೆರೆಮನೆ ಸೇರಿದ್ದು ಮಾವೋನ ಕಾಲದಲ್ಲಲ್ಲ, 1932ರಲ್ಲಿ. ಸೆರೆ ಹಿಡಿಸಿದ್ದು ಚಿಯಾಂಗ್ ಕೈಷೇಕ್‌ನ ಸರಕಾರ. ಕನ್ನಡದ ಓದುಗರಿಗೆ ಆ ಇಸವಿ ಬೇರೊಂದು ಕಾರಣಕ್ಕೆ ನೆನಪಿರಬೇಕು. ಅದೇ ವರ್ಷ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ತಾವು ಬರೆದ ಒಂದು ಪದ್ಯಕ್ಕಾಗಿ ಬೆಳಗಾವಿಯ ಹಿಂಡಲಗಿ ಸೆರೆಮನೆಗೆ ಹೋದರು.

ಬೇಂದ್ರೆಯವರೆಂದರೆ ನಮ್ಮ ಕಣ್ಣ ಮುಂದೆ ಬರುವುದು ಸಾಧನಕೇರಿ, ಮಳೆ, ಶ್ರಾವಣ, ಕೊಡೆ ಹಿಡಿದ ರುಮಾಲಿನ ವರಕವಿ. ಸಭೆ ಸಮಾರಂಭಗಳಲ್ಲಿ ಅವರ ಹಾಸ್ಯಚಟಾಕಿಗಳನ್ನು ಹೇಳಿ ನಗಿಸುವವರಿಗೆ ಕೊರತೆಯಿಲ್ಲ. ಸೆರೆಮನೆಯ ಸಂಗತಿ ಮಾತ್ರ ಪಠ್ಯಪುಸ್ತಕದ ಕವಿಪರಿಚಯದಲ್ಲಿ ಒಂದು ವಾಕ್ಯವಾಗಿ ಉಳಿದಿದೆ. ಆ ಒಂದು ವಾಕ್ಯ ಅವರ ಬಾಳಿನ ಸುಮಾರು ಹತ್ತು ವರ್ಷಗಳನ್ನು ತಿಂದುಹಾಕಿತೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದ ಬೇಂದ್ರೆ ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಚಿಕ್ಕಪ್ಪನ ಆಸರೆಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿ, ಧಾರವಾಡಕ್ಕೆ ಮರಳಿ ಶಾಲಾ ಶಿಕ್ಷಕರಾದರು. ತಾಯಿ ಅಂಬಿಕೆಯ ಹೆಸರನ್ನೇ ಕಾವ್ಯನಾಮದಲ್ಲಿ ಹೊತ್ತು ಅಂಬಿಕಾತನಯದತ್ತರಾದರು. 1920ರ ದಶಕದ ಆರಂಭದಲ್ಲಿ ಅವರ ಸುತ್ತ ಕಟ್ಟಿಕೊಂಡ ಗೆಳೆಯರ ಗುಂಪಿನಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯ ಕೃಷ್ಣಶರ್ಮರೂ ಇದ್ದರು, ಅವರೇ ಆನಂದಕಂದ. ಆ ಗುಂಪಿಗೆ ಕವಿತೆ ಬೇರೆಯಲ್ಲ, ನಾಡಿನ ಏಕೀಕರಣ ಬೇರೆಯಲ್ಲ, ಸ್ವರಾಜ್ಯ ಬೇರೆಯಲ್ಲ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ಸು ಈ ಭಾಗದ ತರುಣರಿಗೆ ಹಚ್ಚಿದ ಕಾವು ಆರಿರಲಿಲ್ಲ.

1932ರಲ್ಲಿ ಅವರ ‘ಗರಿ’ ಸಂಕಲನ ಹೊರಬಂತು. ಕಾಲವನ್ನೇ ಹಕ್ಕಿಯಾಗಿ ಕಂಡ ಪ್ರಸಿದ್ಧ ಕವಿತೆಯಿರುವುದು ಇದರಲ್ಲಿಯೇ. ಅದರೊಡನೆ ‘ನರಬಲಿ’ ಎಂಬ ಪದ್ಯವೂ ಇತ್ತು. ಮುಂಬಯಿ ಸರಕಾರದ ಕಣ್ಣಿಗೆ ಬಿದ್ದದ್ದು ಹಕ್ಕಿಯಲ್ಲ, ಬಲಿ. ಪದ್ಯ ರಾಜದ್ರೋಹದ್ದೆಂದು ಬಗೆದು ಕವಿಯನ್ನು ಬಂಧಿಸಲಾಯಿತು.

ಒಂದು ಪದ್ಯ ಅಪರಾಧವಾಗುವುದು ಹೇಗೆ?

ಇದಕ್ಕೆ ಉತ್ತರ ಬೇಕಾದರೆ ಮೂವತ್ತೈದು ವರ್ಷ ಹಿಂದೆ ಹೋಗಬೇಕು. ಭಾರತೀಯ ದಂಡಸಂಹಿತೆಗೆ 124-ಎ ಕಲಮು ಸೇರಿದ್ದು 1870ರಲ್ಲಿ. ಸರಕಾರದ ಬಗೆಗೆ ‘ಅಪ್ರೀತಿ’ ಹುಟ್ಟಿಸುವುದು ಅಪರಾಧವೆಂದು ಅದರ ಸಾರಾಂಶ. 1897ರಲ್ಲಿ ಲೋಕಮಾನ್ಯ ತಿಲಕರ ಮೇಲೆ ನಡೆದ ಮೊಕದ್ದಮೆಯಲ್ಲಿ ‘ಕೇಸರಿ’ಯಲ್ಲಿ ಅಚ್ಚಾದ, ಶಿವಾಜಿ ಮಾತಾಡುವಂತೆ ಬರೆದ ಒಂದು ಪದ್ಯವೂ ಸಾಕ್ಷ್ಯವಾಗಿತ್ತು. ಅಪ್ರೀತಿಯೆಂದರೆ ಪ್ರೀತಿ ಇಲ್ಲದಿರುವುದು ಎಂದು ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಅರ್ಥ ಹೇಳಿದರು. ಎಂದರೆ, ಪ್ರಜೆ ಸರಕಾರವನ್ನು ದ್ವೇಷಿಸದಿದ್ದರೆ ಸಾಲದು, ಪ್ರೀತಿಸಲೂ ಬೇಕು! ತಿಲಕರಿಗೆ ಹದಿನೆಂಟು ತಿಂಗಳ ಸಜೆಯಾಯಿತು. ಈ ವ್ಯಾಖ್ಯಾನದ ಅಳತೆಗೋಲನ್ನು ಹಿಡಿದು ಹೊರಟರೆ ಯಾವ ಭಾಷೆಯ ಯಾವ ಕವಿಯೂ ಪಾರಾಗುವುದು ಕಷ್ಟ. ಕವಿತೆಯ ಧ್ವನಿ ಅನುವಾದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಆದರೆ ‘ಬಲಿ’ ಎಂಬ ಶಬ್ದವನ್ನು ಯಾವ ಗುಮಾಸ್ತನೂ ಇಂಗ್ಲಿಷಿಗೆ ಇಳಿಸಬಲ್ಲ.

1932ರ ಕಾಲವೂ ಅಂಥದೇ. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಯಲ್ಲಿ ಮರಳಿದ ಗಾಂಧೀಜಿಯವರನ್ನು ಜನವರಿ 4ರಂದು ಬಂಧಿಸಲಾಯಿತು. ವೈಸರಾಯ್ ವಿಲಿಂಗ್ಡನ್ ಅಂದೇ ತುರ್ತು ಸುಗ್ರೀವಾಜ್ಞೆಗಳನ್ನು ಹೊರಡಿಸಿದರು. ಹಿಂದಿನ ವರ್ಷ ಬಂದಿದ್ದ ಮುದ್ರಣಾಲಯ ಕಾಯಿದೆಯಂತೆ ಛಾಪಖಾನೆಗಳಿಂದ ಠೇವಣಿ ಕೇಳುವ, ಅದನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಸರಕಾರಕ್ಕಿತ್ತು. ಅಂಕೋಲೆ, ಸಿದ್ದಾಪುರ, ಹಿರೇಕೆರೂರ ತಾಲೂಕುಗಳಲ್ಲಿ ರೈತರು ಕರ ಕೊಡುವುದಿಲ್ಲವೆಂದು ನಿಂತಿದ್ದರು. ಇಂಥ ಹೊತ್ತಿನಲ್ಲಿ ಧಾರವಾಡದ ಮಾಸ್ತರನೊಬ್ಬ ನರಬಲಿಯ ಮಾತು ಎತ್ತಿದರೆ ಅಧಿಕಾರಿಗಳಿಗೆ ಅದು ಬರಿಯ ರೂಪಕವಾಗಿ ಕೇಳಿಸಲಿಲ್ಲ.

ಹಿಂಡಲಗಿ ಎಂದೊಡನೆ ಇಂದು ರಾಜ್ಯದ ಜನರಿಗೆ ಗಲ್ಲುಗಂಬ ನೆನಪಾಗುತ್ತದೆ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅದು ಉತ್ತರ ಕರ್ನಾಟಕದ ಬರಹಗಾರರಿಗೆ ಒಂದು ಬಗೆಯ ಶಾಲೆಯೂ ಆಗಿತ್ತು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ಬೇಂದ್ರೆಯವರಿಗಿಂತ ಹತ್ತು ವರ್ಷ ಅನಂತರ, ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು; ‘ಮಾಡಿ ಮಡಿದವರು’ ಕಾದಂಬರಿಯ ಹಿಂದೆ ಆ ಚಳವಳಿಯ ಅನುಭವವಿದೆ.

ಬೇಂದ್ರೆಯವರನ್ನು ಸೆರೆಮನೆಯಿಂದ ನೇರವಾಗಿ ಮನೆಗೆ ಬಿಡಲಿಲ್ಲ. ಧಾರವಾಡದ ಪಶ್ಚಿಮಕ್ಕೆ, ಲೋಂಡಾ ರೈಲುಮಾರ್ಗದಲ್ಲಿ ಬರುವ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿ ಇರಿಸಿದರು. ಮುಗದ ಇಂದು ಭತ್ತದ ಸಂಶೋಧನೆಗೆ ಹೆಸರಾಗಿದೆ, ಅಲ್ಲಿಯ ‘ಮುಗದ ಸುಗಂಧ’ ತಳಿಯ ಅಕ್ಕಿಯನ್ನು ಬಲ್ಲವರು ಬಲ್ಲರು. ಮಲೆನಾಡಿನ ಸೆರಗಿನ ಚೆಲುವಾದ ಊರೇ. ಆದರೆ ಧಾರವಾಡ ಕಣ್ಣಳತೆಯಲ್ಲಿದ್ದೂ ಧಾರವಾಡಕ್ಕೆ ಹೋಗಲಾಗದ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಬೇಂದ್ರೆಯವರ ಕವಿತೆ ಕಿವಿಗೆ ಸೇರಿದ್ದು. ಕೇಳುವವರ ಮುಂದೆ ಹಾಡಿ, ಆಡಿ ತೋರಿಸಿದಾಗಲೇ ಅದು ಪೂರ್ತಿಯಾಗುತ್ತಿತ್ತು. ಅಂಥ ಕವಿಗೆ ಸಭೆಯನ್ನು ತಪ್ಪಿಸುವುದು ಕೈಯಿಂದ ಲೇಖನಿ ಕಸಿದಂತೆಯೇ ಸರಿ.

ಸೆರೆಗಿಂತ ದೊಡ್ಡ ಶಿಕ್ಷೆ

ನಮ್ಮ ದೃಷ್ಟಿಯಲ್ಲಿ ನಿಜವಾದ ಶಿಕ್ಷೆ ಆರಂಭವಾದದ್ದು ಬಿಡುಗಡೆಯ ನಂತರ. ಸರಕಾರದ ಅನುದಾನದ ಮೇಲೆ ನಿಂತ ಶಾಲೆಗಳು ರಾಜದ್ರೋಹದ ಕಳಂಕ ಹೊತ್ತ ಮಾಸ್ತರನನ್ನು ಸೇರಿಸಿಕೊಳ್ಳಲು ಹಿಂಜರಿದವು. ಯಾವ ನ್ಯಾಯಾಲಯವೂ ಬರೆಯದ ತೀರ್ಪಿದು. ಇದಕ್ಕೆ ಮೇಲ್ಮನವಿಯೂ ಇಲ್ಲ, ಮುಗಿಯುವ ದಿನಾಂಕವೂ ಇಲ್ಲ. ಪದವೀಧರನಾದ, ಆಗಲೇ ನಾಡು ಮೆಚ್ಚಿದ ಕವಿ 1930ರ ದಶಕದ ಬಹುಭಾಗವನ್ನು ಸ್ಥಿರವಾದ ಉದ್ಯೋಗವಿಲ್ಲದೆ ಕಳೆದರು. 1935ರಲ್ಲಿ ಎಂ.ಎ. ಪದವಿ ಪಡೆದರೂ ಬಾಗಿಲುಗಳು ಒಡನೆ ತೆರೆಯಲಿಲ್ಲ. ಮಾಸ್ತಿಯವರ ‘ಜೀವನ’ ಪತ್ರಿಕೆಯ ಕೆಲಸ ಮಾಡಿದರು; ಅದು ಗೌರವದ ಹುದ್ದೆ, ಹೊಟ್ಟೆ ತುಂಬಿಸುವ ಹುದ್ದೆಯಲ್ಲ. ಮನೆಯಲ್ಲಿ ಮಕ್ಕಳು ಒಂದರ ಹಿಂದೊಂದು ತೀರಿಕೊಂಡವು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದು ಬೆಳೆದವರು ಮೂವರು.

ಮಕ್ಕಳ ಸಾವನ್ನೆಲ್ಲ ಸರಕಾರದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಆ ಕಾಲದ ಶಿಶುಮರಣ ಯಾರ ಮನೆಯನ್ನೂ ಬಿಟ್ಟಿರಲಿಲ್ಲ. ಆದರೆ ದುಡಿಮೆಯಿಲ್ಲದ ಮನೆಗೆ ಕಾಯಿಲೆ ಬಂದರೆ ಏನಾಗುತ್ತದೆಂಬುದನ್ನು ಯಾರೂ ಹೇಳಿಕೊಡಬೇಕಿಲ್ಲ. ಇದೇ ದಶಕದ ‘ಸಖೀಗೀತ’ವನ್ನು ದಾಂಪತ್ಯದ ಕಾವ್ಯವೆಂದು ಓದುತ್ತೇವೆ, ಸರಿ, ಆ ದಾಂಪತ್ಯಕ್ಕೆ ಬಡತನ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ‘ನಾದಲೀಲೆ’ಯೂ ಇದೇ ಕಾಲದ್ದು. ದೈನ್ಯದ ದಶಕದಲ್ಲಿ ಇಂಥ ಕಾವ್ಯ ಬಂತೆಂದು ಹಿಗ್ಗುವ ವಿಮರ್ಶೆ ನಮ್ಮಲ್ಲಿದೆ. ಕಷ್ಟವೇ ಕವಿತೆಗೆ ಗೊಬ್ಬರವೆಂಬ ಈ ವಾದವನ್ನು ಒಪ್ಪಲಾಗದು. ನೆಮ್ಮದಿಯಿದ್ದಿದ್ದರೆ ಬೇಂದ್ರೆ ಏನು ಬರೆಯುತ್ತಿದ್ದರೆಂದು ಬಲ್ಲವರಾರು?

1943ರಲ್ಲಿ ಶಿವಮೊಗ್ಗೆಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆಗಿನ್ನೂ ಬ್ರಿಟಿಷರೇ ಆಳುತ್ತಿದ್ದರು. ಮರುವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜು ಅವರನ್ನು ಕನ್ನಡ ಪ್ರಾಧ್ಯಾಪಕರನ್ನಾಗಿ ಕರೆಯಿತು, 1956ರವರೆಗೆ ಅಲ್ಲಿದ್ದರು. ಧಾರವಾಡದ ಕವಿಗೆ ನೆಲೆ ಕೊಟ್ಟದ್ದು ಗಡಿಯಾಚೆಯ ಊರು ಎಂಬುದು ಗಮನಿಸತಕ್ಕ ಸಂಗತಿ. ಆ ಊರೂ ಸಾಮಾನ್ಯವಾದದ್ದಲ್ಲ. 1930ರ ಮೇ ತಿಂಗಳಲ್ಲಿ ಲಷ್ಕರಿ ಕಾಯಿದೆಯನ್ನು ಕಂಡ, ಮಲ್ಲಪ್ಪ ಧನಶೆಟ್ಟಿ ಮತ್ತು ಸಂಗಡಿಗರು ಮೂವರನ್ನು 1931ರ ಜನವರಿ 12ರಂದು ಗಲ್ಲಿಗೆ ಕೊಟ್ಟ ಊರದು.

ಮತ್ತೆ ಚೀನಕ್ಕೆ

ಐ ಚಿಂಗ್‌ನ ಕಥೆ ಇನ್ನೂ ಕಠೋರವಾದದ್ದು. 1910ರಲ್ಲಿ ಜಮೀನುದಾರರ ಮನೆಯಲ್ಲಿ ಹುಟ್ಟಿ, ಬಡ ದಾದಿಯ ಮಡಿಲಲ್ಲಿ ಬೆಳೆದು, ಪ್ಯಾರಿಸಿನಲ್ಲಿ ಚಿತ್ರಕಲೆ ಕಲಿತು ಬಂದವನನ್ನು 1932ರ ಜುಲೈಯಲ್ಲಿ ಶಾಂಘಾಯಿಯಲ್ಲಿ ಹಿಡಿದರು. ಸೆರೆಯಲ್ಲಿ ಕುಂಚವಿಲ್ಲದ್ದರಿಂದ ಕವಿಯಾದ. ತನ್ನನ್ನು ಸಾಕಿದ ದಾದಿಯ ಮೇಲೆ 1933ರಲ್ಲಿ ಬರೆದ ಕವಿತೆ ಅವನಿಗೆ ಹೆಸರು ತಂದಿತು. ಕಾವ್ಯನಾಮವೂ ಸೆರೆಮನೆಯದೇ: ಚಿಯಾಂಗ್ ಕೈಷೇಕ್‌ನ ಕುಲನಾಮವೇ ತನ್ನದೂ ಆಗಿದ್ದುದು ಹೇಸಿ ಅದನ್ನು ಬಿಟ್ಟನೆಂದು ಹೇಳುತ್ತಾರೆ. ಬೇಂದ್ರೆ ತಾಯಿಯ ಹೆಸರಿನಲ್ಲಿ, ಈತ ದಾದಿಯ ಪದ್ಯದಲ್ಲಿ!

1935ರಲ್ಲಿ ಬಿಡುಗಡೆಯಾದ ಆತ ಕಮ್ಯುನಿಸ್ಟರನ್ನು ಸೇರಿದ, ಕ್ರಾಂತಿ ಗೆದ್ದಾಗ ಗೌರವವನ್ನೂ ಪಡೆದ. ಆದರೆ 1957ರ ಬಲಪಂಥೀಯ ವಿರೋಧಿ ಅಭಿಯಾನದಲ್ಲಿ, ಲೇಖಕಿ ಡಿಂಗ್ ಲಿಂಗ್ ಪರ ನಿಂತದ್ದಕ್ಕಾಗಿ, ಸ್ವಂತ ಪಕ್ಷವೇ ಅವನನ್ನು ಹೊರತಳ್ಳಿತು. ಮೊದಲು ಈಶಾನ್ಯದ ಹೆಯ್ಲೊಂಗ್‌ಜಿಯಾಂಗ್, ಬಳಿಕ ಶಿಂಜಿಯಾಂಗ್. ಸಾಂಸ್ಕೃತಿಕ ಕ್ರಾಂತಿಯಲ್ಲಿ ನೆಲದಡಿಯ ಗುಂಡಿಮನೆ, ಶೌಚಾಲಯದ ಕೆಲಸ. ಒಂದು ಕಣ್ಣಿನ ದೃಷ್ಟಿ ಹೋಯಿತು. 1979ರಲ್ಲಿ ಪಕ್ಷ ಆರೋಪಗಳನ್ನು ಹಿಂತೆಗೆದುಕೊಂಡಿತು. ಇಪ್ಪತ್ತು ವರ್ಷಗಳನ್ನು ಹಿಂತಿರುಗಿಸುವ ಬಗೆ ಯಾವ ಪಕ್ಷಕ್ಕೂ ಗೊತ್ತಿಲ್ಲ. 1996ರಲ್ಲಿ ಆತ ತೀರಿಕೊಂಡ. ಗುಂಡಿಮನೆಯಲ್ಲಿ ತಂದೆಯೊಡನಿದ್ದ ಮಗನೇ ಕಲಾವಿದ ಐ ವೈವೈ. 2011ರಲ್ಲಿ ಚೀನ ಸರಕಾರ ಅವನನ್ನೂ 81 ದಿನ ಬಂಧನದಲ್ಲಿಟ್ಟಿತು.

ಇಬ್ಬರ ಕಷ್ಟವನ್ನು ಒಂದೇ ತಕ್ಕಡಿಗೆ ಹಾಕಲಾಗದು. ಪರಕೀಯ ಸರಕಾರ ಬೇಂದ್ರೆಯವರ ಅನ್ನ ಕಸಿಯಿತು, ಭಾಷೆಯನ್ನು ಮುಟ್ಟಲಿಲ್ಲ. ಅವರನ್ನು ಕಾಯಲು ಒಂದು ಸಮಾಜವಿತ್ತು. ಐ ಚಿಂಗ್‌ನ ಸುತ್ತಲಿನ ಸಮಾಜವನ್ನೇ ಅವನ ಮೇಲೆ ಎತ್ತಿಕಟ್ಟಲಾಯಿತು. ಆತ ಬರೆಯಲಾಗದೆ ಹೋದ ವರ್ಷಗಳಲ್ಲಿ ಬೇಂದ್ರೆಯವರಿಗೆ ‘ಅರಳು ಮರಳು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ (1958), ಪದ್ಮಶ್ರೀ (1968), ‘ನಾಕುತಂತಿ’ಗೆ ಜ್ಞಾನಪೀಠ (1973) ಒಂದೊಂದಾಗಿ ಬಂದವು. 1981ರ ಅಕ್ಟೋಬರ್ 26ರಂದು ಅವರು ಮುಂಬಯಿಯಲ್ಲಿ ನಿಧನರಾದರು.

124-ಎ ಕಲಮು ಮಾತ್ರ ಬ್ರಿಟಿಷರೊಡನೆ ಹಡಗು ಹತ್ತಲಿಲ್ಲ. 1962ರಲ್ಲಿ ಸುಪ್ರೀಂ ಕೋರ್ಟು ಅದರ ವ್ಯಾಪ್ತಿಯನ್ನು ಹಿಂಸೆಯ ಪ್ರಚೋದನೆಗೆ ಮಿತಗೊಳಿಸಿ ಉಳಿಸಿತು, 2022ರ ಮೇ 11ರಂದು ಅಮಾನತಿನಲ್ಲಿಟ್ಟಿತು. 2024ರ ಜುಲೈ 1ರಿಂದ ದಂಡಸಂಹಿತೆಯ ಜಾಗಕ್ಕೆ ಬಂದ ನ್ಯಾಯಸಂಹಿತೆಯಲ್ಲಿ ‘ರಾಜದ್ರೋಹ’ ಶಬ್ದವಿಲ್ಲ. ಅದರ 152ನೇ ಕಲಮು ಅದೇ ಮನೆತನದ್ದೆಂದು ಕಾನೂನು ಬಲ್ಲ ಹಲವರ ಅಭಿಪ್ರಾಯ. ಬೇರೆ ಕಲಮುಗಳೂ ಇವೆಯೆಂಬುದಕ್ಕೆ ನಿದರ್ಶನ: 2020ರಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಓದಿದ ಕವಿತೆಗಾಗಿ ಕೊಪ್ಪಳದ ಕವಿ-ಪತ್ರಕರ್ತರೊಬ್ಬರು ಮೊಕದ್ದಮೆ ಎದುರಿಸಿ, ಬಂಧನಕ್ಕೊಳಗಾಗಿ ಜಾಮೀನು ಪಡೆಯಬೇಕಾಯಿತು.

‘ನರಬಲಿ’ಯನ್ನು ಓದಬಯಸುವವರು ಅದನ್ನು ‘ಗರಿ’ಯಲ್ಲಿ ನೋಡಬಹುದು. ಕವಿಯ ಮಗ ವಾಮನ ಬೇಂದ್ರೆಯವರು ಸಂಪಾದಿಸಿದ ಸಮಗ್ರ ಕಾವ್ಯ ‘ಔದುಂಬರಗಾಥೆ’ಯ ಸಂಪುಟಗಳು ಜಿಲ್ಲಾ ಗ್ರಂಥಾಲಯಗಳಲ್ಲಿ ಹುಡುಕಿದರೆ ಸಿಗುತ್ತವೆ.