ಸೂರು ಬೇಡೆಂದ ದೇವರು

ಏಪ್ರಿಲ್ ಕಳೆಯುತ್ತ ಬಂದಿದೆ. ವಿರಾಜಪೇಟೆ ಕಡೆಯ ಒಳರಸ್ತೆಯ ಎರಡೂ ಬದಿಗೆ ಕಾಫಿ ತೋಟ. ಅಳತೆ ಹಿಡಿದು ನೆಟ್ಟ ಸಿಲ್ವರ್ ಓಕ್ ಸಾಲು, ಒಂದೊಂದು ಮರದ ಮೈಗೂ ಹಬ್ಬಿದ ಮೆಣಸಿನ ಬಳ್ಳಿ. ನೆರಳಿನ ಕೊಂಬೆಗಳನ್ನು ಕಡಿದ ತೋಟವಾದ್ದರಿಂದ ಬಿಸಿಲು ಗಿಡದ ಬುಡಕ್ಕೇ ಇಳಿಯುತ್ತದೆ. ತಂತಿಬೇಲಿ ಮುಗಿದಲ್ಲಿ ರಸ್ತೆ ತಿರುಗುತ್ತದೆ. ಅಲ್ಲಿಂದಾಚೆ ಸಾಲೂ ಇಲ್ಲ, ಅಳತೆಯೂ ಇಲ್ಲ. ನಯವಾದ ಬಿಳಿಚು ತೊಗಟೆಯ ನಂದಿ ಮರ, ಆಳೆತ್ತರಕ್ಕೆ ಹಲಗೆಬೇರು ಚಾಚಿದ ಹೆಮ್ಮರಗಳು, ಹೂಗೊಂಚಲನ್ನು ಜಡೆಯಂತೆ ಇಳಿಬಿಟ್ಟ ಬೈನೆ, ಇವೆಲ್ಲದರ ಕಾಲ ಬಳಿ ದಾರಿಗೆ ಅಡ್ಡವಾಗಿ ಬೆತ್ತದ ಮುಳ್ಳು. ನಡುಮಧ್ಯಾಹ್ನದಲ್ಲೂ ತರಗೆಲೆಯ ಕೆಳಗೆ ಕೈಯಿಟ್ಟರೆ ಮಣ್ಣು ತಣ್ಣಗಿದೆ. ಎಲ್ಲೋ ಮೇಲೆ ಕುಟ್ರುಹಕ್ಕಿ ಬಿಡುವಿಲ್ಲದೆ ಕೂಗುತ್ತಿದೆ.

ದಾರಿಯ ಬಾಯಲ್ಲೇ ಚಪ್ಪಲಿ ಬಿಡಬೇಕು. ಒಳಗೆ ನಡೆದರೆ ಗೋಪುರ ಸಿಗುವುದಿಲ್ಲ, ಬಾಗಿಲಿಲ್ಲ, ಮಾಡು ಇಲ್ಲ. ಮರವೊಂದರ ಬುಡಕ್ಕೆ ಒರಟು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಉಳಿ ತಾಗದ ಕಲ್ಲು, ಸುತ್ತಲೂ ಮಣ್ಣಿನ ನಾಯಿಗಳು. ಈಚೆಗೆ ಇಟ್ಟವು ಕೆಂಪಗಿವೆ. ಅವುಗಳ ಹಿಂದಿನವು ಪಾಚಿ ಹಿಡಿದು ಹಸಿರಾಗಿವೆ. ಇನ್ನೂ ಹಿಂದೆ ಕಿವಿ ಮುರಿದವು, ಕಾಲು ಉದುರಿದವು, ಕಡೆಗೆ ನಾಯಿ ಯಾವುದು ನೆಲ ಯಾವುದು ಎಂದು ಹೇಳಲಾಗದಂತೆ ಮಣ್ಣಿಗೆ ಮರಳಿದವು. ಇಲ್ಲಿರುವವನು ಬೇಟೆಕಾರ ಅಯ್ಯಪ್ಪ. ಬೇಟೆಗಾರನಿಗೆ ಜೊತೆ ನಾಯಿ, ಅದಕ್ಕೇ ಹರಕೆಯೂ ಸುಟ್ಟ ಮಣ್ಣಿನ ನಾಯಿ. ಒಮ್ಮೆ ಇಟ್ಟ ಹರಕೆಯನ್ನು ಯಾರೂ ತೆಗೆಯುವುದಿಲ್ಲ, ಗುಡಿಸುವುದಿಲ್ಲ. ಕಾಡಿಗೂ ಇದೇ ನೇಮ. ಬಿದ್ದ ಮರ ಬಿದ್ದಲ್ಲೇ ಕೊಳೆಯಬೇಕು. ಒಲೆಗೆಂದು ಒಣಕಡ್ಡಿ ಒಯ್ದವರ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬ ಮಾತನ್ನು ಊರಿನ ಮಕ್ಕಳು ಅಕ್ಷರ ಕಲಿಯುವ ಮುಂಚೆಯೇ ಕೇಳಿರುತ್ತಾರೆ.

ಕೊಡಗಿನಲ್ಲಿ ಇಂಥ ದೇವರಕಾಡುಗಳು ದಾಖಲೆಯಲ್ಲಿ 1,214 ಇವೆ. ಎಲ್ಲವೂ ಸೇರಿ ಸುಮಾರು 2,550 ಹೆಕ್ಟೇರ್. ಅಂದರೆ ಒಂದೊಂದಕ್ಕೆ ಸರಾಸರಿ ಎರಡು ಹೆಕ್ಟೇರ್, ಐದು ಎಕರೆ. ಕೆಲವು ಸಾಕಷ್ಟು ದೊಡ್ಡವು, ಹಲವು ನಾಲ್ಕು ಮರದ ಗುಂಪಿಗೆ ಇಳಿದವು. ಜಿಲ್ಲೆಯ ಒಟ್ಟು ನೆಲವನ್ನು ದೇವರಕಾಡುಗಳ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ಪ್ರತಿ ಮುನ್ನೂರ ನಲವತ್ತು ಹೆಕ್ಟೇರಿಗೊಂದು ದೇವರಕಾಡು ಬರುತ್ತದೆ. ಇಷ್ಟು ಒತ್ತಾಗಿ ದೇವರ ಹೆಸರಿನ ಕಾಡುಗಳಿರುವ ಜಾಗ ಲೋಕದಲ್ಲೇ ಅಪರೂಪ. ಅಯ್ಯಪ್ಪ, ಭದ್ರಕಾಳಿ, ಭಗವತಿ, ಮಹಾದೇವ, ನಾಗ, ಹೀಗೆ ಊರಿಗೊಬ್ಬ ಒಡೆಯ. ನೋಡಿಕೊಳ್ಳುವವರು ಊರಿನವರು, ಮುಂದಾಳು ದೇವತಕ್ಕ. ಕೊಡವರು, ಅಮ್ಮಕೊಡವರು, ಗೌಡರು, ಹೆಗ್ಗಡೆಗಳು, ಐರಿಗಳು, ಯರವರು, ಕುರುಬರು, ಎಲ್ಲರಿಗೂ ಹಬ್ಬದಲ್ಲಿ ಒಂದಲ್ಲ ಒಂದು ಪಾಲು, ಒಂದಲ್ಲ ಒಂದು ಕೆಲಸ.

ಹಬ್ಬ ಹತ್ತಿರ ಬಂದಾಗ ಊರಿಗೆ ಕಟ್ಟು ಬೀಳುತ್ತದೆ. ದೇವಕಟ್ಟು. ಕಟ್ಟು ಬಿದ್ದ ದಿನದಿಂದ ಹಬ್ಬ ಮುಗಿಯುವವರೆಗೆ ಹಸಿಮರಕ್ಕೆ ಕತ್ತಿ ಹಾಕುವಂತಿಲ್ಲ, ಜೀವ ತೆಗೆಯುವಂತಿಲ್ಲ, ಮದುವೆ ಮುಂಜಿ ಇಲ್ಲ. ಕಕ್ಕಬೆ ಬಳಿಯ ಪಾಡಿ ಇಗ್ಗುತ್ತಪ್ಪನ ಹಬ್ಬದ ಕಟ್ಟು ಎಲ್ಲರಿಗೂ ಗೊತ್ತಿರುವಂಥದ್ದು. ಇಗ್ಗುತ್ತಪ್ಪ ಮಳೆಯ ದೇವರು, ಬೆಳೆಯ ದೇವರು. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವ ಗಳಿಗೆ ನಿಗದಿಯಾಗುವುದೂ ಅವನ ಸನ್ನಿಧಿಯಲ್ಲೇ. ಮಳೆ ಕೇಳುವ ಮುಂಚೆ ಕತ್ತಿ ಕೆಳಗಿಡಬೇಕೆಂಬ ಈ ಕ್ರಮದಲ್ಲಿ ನನಗೆ ದೊಡ್ಡ ವಿವೇಕ ಕಾಣುತ್ತದೆ. ದೇವರ ಮುಂದೆ ಕೈಚಾಚುವ ಮನುಷ್ಯ ಮೊದಲು ತನ್ನ ಕೈಯನ್ನು ತಾನೇ ತಡೆದುಕೊಳ್ಳುತ್ತಾನೆ.

ಆ ಮಳೆಯೇ ಈಗ ದಾರಿ ತಪ್ಪಿದೆ. ಕಾಫಿ ಬೆಳೆಗಾರರ ಜೊತೆ ಕೂತರೆ ಮಾತು ಬೇಗ ಹೂಮಳೆಗೆ ಬಂದು ನಿಲ್ಲುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ, ಮಲ್ಲಿಗೆಯಂಥ ಪರಿಮಳ ರಸ್ತೆಯವರೆಗೂ ಬರುತ್ತದೆ. ಆಮೇಲೆ ಹೂ ಕಚ್ಚಿ ನಿಲ್ಲಲು ಇನ್ನೊಂದು ಮಳೆ ಬೇಕು, ಬೆಳೆಗಾರರ ಬಾಯಲ್ಲಿ ಅದು ಬ್ಯಾಕಿಂಗ್ ಮಳೆ. ಈಗ ಒಂದು ವರ್ಷ ಹೂಮಳೆ ಬಾರದೆ ಸ್ಪ್ರಿಂಕ್ಲರಿನಲ್ಲಿ ಹೂ ಅರಳಿಸಬೇಕು, ಇನ್ನೊಂದು ವರ್ಷ ಜನವರಿಯಲ್ಲೇ ಮಳೆ ಬಿದ್ದು ಕೊಯ್ಲಿಗೆ ನಿಂತ ಗಿಡವೇ ಹೂ ಬಿಡುತ್ತದೆ. ಹೂ ಅರಳಿದರೂ ಸಾಲದು. ರೊಬಸ್ಟಾ ಗಿಡ ತನ್ನದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬರಬೇಕು. ಆ ಕೆಲಸದಲ್ಲಿ ಹೆಜ್ಜೇನಿನದು ದೊಡ್ಡ ಪಾಲು, ಹೆಜ್ಜೇನು ಗೂಡು ಕಟ್ಟಲು ಎತ್ತರದ ಮರ ಬೇಕು. ಸಾಲು ಸಿಲ್ವರ್ ಓಕಿನಲ್ಲಿ ಆ ಎತ್ತರದ ಅಗಲವಾದ ಕೊಂಬೆ ಎಲ್ಲಿಂದ ಬರಬೇಕು? ಬೇಲಿಯಾಚೆ ದೇವರಿಗೆ ಬಿಟ್ಟ ಐದು ಎಕರೆ ತೋಟದವನ ಫಸಲಿಗೂ ಹೀಗೆ ದುಡಿಯುತ್ತದೆ.

ಮಳೆ ಅತಿಯಾಗಿ ಸುರಿದ 2018ರ ಆಗಸ್ಟ್ ನಡುವಿನ ಆ ದಿನಗಳನ್ನು ಕೊಡಗಿನವರು ಮರೆಯಲಾರರು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬೆಟ್ಟದ ಮೈ ಸುಲಿದು ಕೆಳಗೆ ಬಂತು. ತೋಟ, ಮನೆ, ರಸ್ತೆ ಕೆಸರಿನಲ್ಲಿ ಹೋದವು. ಕೊಡವ ಸಮಾಜಗಳು, ಚರ್ಚುಗಳು, ಮದರಸಗಳು ಬಾಗಿಲು ತೆರೆದು ಜನರನ್ನು ಒಳಗೆ ಕರೆದವು. ಮರುವರ್ಷ ವಿರಾಜಪೇಟೆ ತಾಲೂಕಿನ ತೋರದಲ್ಲೂ ಬೆಟ್ಟ ಜರಿಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಜರಿದು ಅರ್ಚಕರ ಮನೆಯನ್ನು ಸೆಳೆದುಕೊಂಡಿತು. ಕೆಲವೇ ದಿನಗಳಲ್ಲಿ ಸುರಿದ ವಿಪರೀತ ಮಳೆಯೊಂದೇ ಇದಕ್ಕೆ ಕಾರಣವಲ್ಲ. ರಸ್ತೆಗೆ, ಹೋಮ್‌ಸ್ಟೇಗೆ, ಲೇಔಟಿಗೆ ಇಳಿಜಾರನ್ನು ಜೆಸಿಬಿಯಿಂದ ಕೊರೆದದ್ದೂ ಕಾರಣ. ಕಾವೇರಿ ಹುಟ್ಟುವ ಜಾಗದಲ್ಲೇ ನೆಲ ನಿಲ್ಲದಿದ್ದರೆ ಆ ನೀರನ್ನು ನಂಬಿದ ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ ಎರಡಕ್ಕೂ ಅದು ದೂರದ ಸುದ್ದಿಯಲ್ಲ.

ಐದೈದು ಎಕರೆಯ ಈ ತುಣುಕುಗಳು ಇಷ್ಟು ದೊಡ್ಡ ಕೇಡಿನ ಎದುರು ಏನು ಮಾಡಿಯಾವು ಎಂದು ಕೇಳುವವರಿದ್ದಾರೆ. ಶೋನಿಲ್ ಭಾಗವತ್ ಮತ್ತು ಪೊನ್ನಂಪೇಟೆ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಅವರಿದ್ದ ತಂಡ ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟ ಮೂರನ್ನೂ ಹೊಕ್ಕು ಮರ, ಹಕ್ಕಿ, ಅಣಬೆಗಳನ್ನು ಎಣಿಸಿ 2005ರಲ್ಲಿ ಅಧ್ಯಯನ ಪ್ರಕಟಿಸಿತು. ಅಳಿವಿನಂಚಿನ ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡುಗಳಲ್ಲೇ ಹೆಚ್ಚಾಗಿ ಕಂಡವು. ಬೇರೆಲ್ಲೂ ಸಿಗದ ಅಣಬೆಗಳು ಇಲ್ಲಿ ಸಿಕ್ಕವು. ಮುಂಗಾರಿನಲ್ಲಿ ಕುಮ್ಮು, ಅಂದರೆ ಅಣಬೆ, ಹುಡುಕಿಕೊಂಡು ತೋಟವೆಲ್ಲ ಸುತ್ತುವ ಕೊಡಗಿನ ಜನಕ್ಕೆ ಇದು ಅಚ್ಚರಿಯ ಸಂಗತಿಯೇನಲ್ಲ. ಬಿದ್ದ ಮರವನ್ನು ಬಿದ್ದಲ್ಲೇ ಬಿಟ್ಟ ಕಡೆ ಅಣಬೆ ಏಳುತ್ತದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಕಾಡುಮರದ ನೆರಳು ಉಳಿಸಿಕೊಂಡ ತೋಟಗಳು ಈ ಚೂರುಗಳನ್ನು ಒಂದಕ್ಕೊಂದು ಹೆಣೆದಿವೆ. ಮಂಗಟ್ಟೆ ಹಕ್ಕಿಗೆ ಎಸ್ಟೇಟಿನ ಗಡಿ ಗೊತ್ತಿಲ್ಲ. ಹಣ್ಣು ತಿಂದು ಬೀಜ ಉದುರಿಸಲು ಅದಕ್ಕೆ ಮರದಿಂದ ಮರಕ್ಕೆ ದಾರಿ ಇದ್ದರೆ ಸಾಕು.

ದೇವರ ಹೆಸರಿನಲ್ಲಿ ಕಾಡು ಉಳಿಸುವುದು ಕೊಡಗಿನ ಸೊತ್ತು ಮಾತ್ರವಲ್ಲ. ಉತ್ತರ ಕನ್ನಡ, ಮಲೆನಾಡಿನ ಕಾನುಗಳು, ಹೊನ್ನಾವರದ ಕರಿಕಾನಮ್ಮನ ಬೆಟ್ಟ, ತುಳುನಾಡಿನ ನಾಗಬನ ಎಲ್ಲವೂ ಇದೇ ಬಳಗದವು. 1801ರಲ್ಲಿ ಕಾರವಾರದ ಕಡೆ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಅಲ್ಲಿನ ಕಾಡುಗಳು ಊರದೇವರ ಆಸ್ತಿಯೆಂದೂ ಪೂಜಾರಿಯೂ ಆಗಿರುವ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ ಜನ ನಂಬಿದ್ದನ್ನು ಬರೆದಿಟ್ಟ. ಸರ್ಕಾರ ಕಾಡನ್ನು ತನ್ನದೆನ್ನದಂತೆ ಹೂಡಿದ ಉಪಾಯವಿದು ಎಂದು ಸೇರಿಸಿದ. ಕಂಪನಿ ಸರ್ಕಾರದ ಕಣ್ಣಿಗೆ ಕಂಡದ್ದು ಅಷ್ಟೇ. ಅಪ್ಪಣೆ ಕೇಳುವ ಆ ಕ್ಷಣದಲ್ಲಿ ಮರ ಕಡಿಯುವವನು ಇಡೀ ಊರಿನ ಮುಂದೆ ತನ್ನ ಅಗತ್ಯವನ್ನು ಹೇಳಿಕೊಳ್ಳಬೇಕಾಗಿತ್ತು ಎಂಬುದು ಅವನಿಗೆ ಕಾಣಲಿಲ್ಲ.

ಕಾಡು ಉಳಿಸಿದ ಭಕ್ತಿಯನ್ನು ಹೊಗಳಿ ಸುಮ್ಮನಾಗಲು ನನಗೆ ಮನಸ್ಸಾಗುವುದಿಲ್ಲ. ಕಾಡು ಕಳೆದದ್ದೂ ಬಹಳ ಕಡೆ ಭಕ್ತಿಯ ಕೈಯಲ್ಲೇ. ಇಪ್ಪತ್ತನೆಯ ಶತಮಾನದ ಆರಂಭದ ಲೆಕ್ಕಕ್ಕೆ ಹೋಲಿಸಿದರೆ ಕೊಡಗಿನ ದೇವರಕಾಡಿನ ನೆಲ ಬಹಳಷ್ಟು ಕರಗಿದೆ. ಕಂದಾಯ ಇಲಾಖೆಯ ಕೈಯಲ್ಲಿದ್ದ ಇವು 1985ರಲ್ಲಿ ಅರಣ್ಯ ಇಲಾಖೆಗೆ ಮರಳುವ ಹೊತ್ತಿಗೆ ಬೇಲಿಗಳು ಒಳಗೆ ಸರಿದಿದ್ದವು. ಒತ್ತುವರಿ ಎಂದೊಡನೆ ಬೆರಳು ತೋಟದ ಲೈನ್‌ಮನೆ ಬಿಟ್ಟು ಬಂದು ಅಂಚಿನಲ್ಲಿ ಗುಡಿಸಲು ಹಾಕಿದ ಕೂಲಿಯವರ ಕಡೆಗೆ ತಿರುಗುತ್ತದೆ. ಗುಡಿಸಲು ಕಣ್ಣಿಗೆ ಬೀಳುತ್ತದೆ. ವರ್ಷಕ್ಕೆ ನಾಲ್ಕು ಗಜ ಒಳಗೆ ನಡೆಯುವ ತೋಟದ ಬೇಲಿ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಗುಡಿ. ಹೊರಗೆ ದುಡಿದು ನಾಲ್ಕು ಕಾಸು ಮಾಡಿಕೊಂಡವರು ಊರ ದೇವರಿಗೆ ಏನಾದರೂ ಮಾಡಬೇಕೆಂದು ಬರುತ್ತಾರೆ. ಆ ಮನಸ್ಸು ಒಳ್ಳೆಯದೇ. ಮಳೆಯಲ್ಲಿ ನೆನೆಯುತ್ತ ನಿಂತ ದೇವರನ್ನು ನೋಡಿ ಅವರಿಗೆ ಸಂಕಟವಾಗುತ್ತದೆ. ಮೊದಲು ತಗಡಿನ ಮಾಡು, ಆಮೇಲೆ ಆರ್‌ಸಿಸಿ ಗುಡಿ, ಗುಡಿಗೆ ಸಾಮಗ್ರಿ ತರಲು ಲಾರಿಯ ದಾರಿ, ದಾರಿಯ ಕೊನೆಗೆ ಇಂಟರ್‌ಲಾಕ್ ಅಂಗಳ, ಪಕ್ಕದಲ್ಲಿ ಊಟದ ಹಾಲ್. ಒಂದೊಂದಕ್ಕೂ ಕೆಲವು ಮರ. ಕರಾವಳಿಯ ನಾಗಬನಗಳಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹಾಲೆ, ಸುರಗಿ, ಬೈನೆಗಳ ಕತ್ತಲಲ್ಲಿ ಹುತ್ತದ ಪಕ್ಕ ಇದ್ದ ನಾಗನ ಕಲ್ಲುಗಳು ಈಗ ಗ್ರಾನೈಟ್ ಕಟ್ಟೆಯ ಮೇಲೆ ಬಿಸಿಲಿಗೆ ಕಾಯುತ್ತಿವೆ. ಸುತ್ತ ಸಿಮೆಂಟು, ಹಾವಿಗೆ ನುಸುಳಲು ಬಿರುಕಿಲ್ಲ. ಬನವಿಲ್ಲದ ನಾಗಬನಕ್ಕೆ ಆಶ್ಲೇಷಾ ಬಲಿ ನಡೆಯುತ್ತದೆ, ನಾಗರ ಪಂಚಮಿಗೆ ಹಾಲೂ ಎಳನೀರೂ ಸುರಿಯುತ್ತದೆ. ಅಲ್ಲಲ್ಲಿ ಯುವಕರ ಗುಂಪುಗಳು ಬನಕ್ಕೆ ಮತ್ತೆ ಗಿಡ ನೆಡಲು ಹೊರಟಿವೆ ಎಂಬುದೇ ಸಮಾಧಾನ.

ಕೊಡಗಿನ ಹಲವು ದೇವರಕಾಡುಗಳಲ್ಲಿ ಒಂದು ನಂಬಿಕೆ ಇನ್ನೂ ಗಟ್ಟಿಯಾಗಿದೆ: ನಮ್ಮ ದೇವರು ಸೂರು ಒಲ್ಲ. ಮಾಡು ಹಾಕಿದರೆ ಉಳಿಯುವುದಿಲ್ಲ, ಮಳೆ ಗಾಳಿ ಅವನಿಗೆ ಬೇಕು. ನನ್ನ ಮಟ್ಟಿಗೆ ಪಶ್ಚಿಮಘಟ್ಟದ ಪರಿಸರ ಚಿಂತನೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಕಟ್ಟುವ ಭಕ್ತಿಗೆ ದುಡ್ಡು ಸಾಕು. ಬಿಡುವ ಭಕ್ತಿಗೆ ಇಡೀ ಊರು ಬೇಕು, ವರ್ಷ ವರ್ಷವೂ ಸೇರಿ ಮತ್ತೆ ಬಿಡುತ್ತೇವೆಂದು ಒಪ್ಪಬೇಕು. ಕಾಯ್ದೆ ಅದಕ್ಕೆ ಬೆನ್ನಾಗಿ ನಿಲ್ಲಬಹುದು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನದ ಓರಣ್ ಎಂಬ ದೇವರಬನಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆ ಮಾಡಬೇಕು, ಅರಣ್ಯವೆಂದು ಕಾಯಬೇಕು ಎಂದು ಆದೇಶಿಸಿತು. ಕಾಯುತ್ತ ಬಂದ ಜನರನ್ನೇ ಆಡಳಿತದಲ್ಲಿ ಸೇರಿಸಿಕೊಳ್ಳಿ ಎಂದೂ, ದೇಶಕ್ಕೆಲ್ಲ ಒಂದು ನೀತಿ ಬರಲಿ ಎಂದೂ ಹೇಳಿತು.

ಜನರನ್ನು ಸೇರಿಸಿಕೊಳ್ಳುವ ಮಾತು ಬಂದಾಗ ದೇವರಪುರದ ಹಬ್ಬ ಕಣ್ಣ ಮುಂದೆ ಬರುತ್ತದೆ. ಮೇ ತಿಂಗಳ ಕೊನೆಗೆ, ಮುಂಗಾರು ಬಾಗಿಲಲ್ಲಿರುವಾಗ, ತಿತಿಮತಿ ಬಳಿಯ ಈ ಊರಿಗೆ ಹಾಡಿಗಳಿಂದ, ಲೈನ್‌ಮನೆಗಳಿಂದ ಯರವರು, ಜೇನುಕುರುಬರು ಜೀಪು ಹತ್ತಿ ಬರುತ್ತಾರೆ. ಗಂಡಸರು ಸೀರೆ ಉಟ್ಟಿರುತ್ತಾರೆ, ಮುಖಕ್ಕೆ ಬಣ್ಣ, ಕೈಯಲ್ಲಿ ಸೋರೆಬುರುಡೆ, ಖಾಲಿ ಡಬ್ಬ. ಗೋಣಿಕೊಪ್ಪದ ಬೀದಿಯಲ್ಲಿ ಕಾರು ತಡೆದು, ಅಂಗಡಿಗೆ ನುಗ್ಗಿ, ಕಾಸು ಕೊಡುವವರೆಗೆ ಬೈಯುತ್ತಾರೆ. ದೇವರಿಗೂ ಬೈಗುಳ ತಪ್ಪಿದ್ದಲ್ಲ. ಕಾಡಿಗೆ ತಮ್ಮನ್ನು ಕರೆತಂದ ಅಯ್ಯಪ್ಪ ಭದ್ರಕಾಳಿಯನ್ನು ಕಂಡೊಡನೆ ತಮ್ಮನ್ನು ನಡುಗಾಡಿನಲ್ಲಿ ಬಿಟ್ಟು ಅವಳ ಹಿಂದೆ ಹೋದ ಎಂಬುದು ಅವರ ಕತೆ, ಅವರ ಸಿಟ್ಟು. ಕುಂಡೆ ಹಬ್ಬ ಎಂದು ಕರೆಯುವ ಈ ದಿನ ಮಧ್ಯಾಹ್ನದ ಹೊತ್ತಿಗೆ ಗುಡಿಯ ಸುತ್ತ ಧೂಳು, ಡಬ್ಬದ ಸದ್ದು, ಕುಣಿತ. ಬೈದು ಮುಗಿಸಿ ತಪ್ಪಾಯಿತೆಂದು ಕೈಮುಗಿಯುತ್ತಾರೆ, ಕಾಣಿಕೆ ಹಾಕುತ್ತಾರೆ.

ಕಾಡಿನ ಒಡೆಯನ ಜೊತೆ ಇಷ್ಟು ಸಲಿಗೆಯಿಂದ ಜಗಳ ಆಡಬಲ್ಲವರಿಗೆ ಆ ಕಾಡಿನ ಯಾವ ಮರ ಯಾವಾಗ ಹೂ ಬಿಡುತ್ತದೆ, ಹೆಜ್ಜೇನು ಯಾವ ವರ್ಷ ಯಾವ ಕೊಂಬೆ ಬಿಟ್ಟು ಹೋಯಿತು, ಬೇಲಿ ಮೊದಲು ಎಲ್ಲಿತ್ತು ಎಂಬುದೆಲ್ಲ ಗೊತ್ತು. ದೇವರಕಾಡಿನ ಸರ್ವೆಗೆ ಸರಪಳಿ ಎಳೆಯುವ ದಿನ ತಕ್ಕರು, ಪಂಚಾಯಿತಿಯವರು, ಅರಣ್ಯ ಇಲಾಖೆಯವರು ನಿಂತ ಕಡೆ ಇವರನ್ನೂ ಕರೆದು ನಿಲ್ಲಿಸಬೇಕು. ಗಡಿಕಲ್ಲು ಎಲ್ಲಿ ಹುಗಿಯಬೇಕೆಂದು ಮೊದಲು ಅವರನ್ನೇ ಕೇಳಬೇಕು. ಊಟದ ಹಾಲ್ ಬೇಕೇ ಬೇಕೆನ್ನುವವರು ಅದನ್ನು ಆ ಕಲ್ಲಿನಿಂದ ಈಚೆ, ರಸ್ತೆ ಬದಿಯಲ್ಲಿ, ಕಟ್ಟಿಕೊಳ್ಳಲಿ.