ಕೋವಿ ಕಳೆದುಹೋದರೆ ಏನು ಮಾಡಬೇಕು?



ತೋಟದ ಮನೆಗೆ ಬೀಗ ಹಾಕಿ ನೆಂಟರ ಮದುವೆಗೆ ಹೋಗಿ ಬರುವಷ್ಟರಲ್ಲಿ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದಿದ್ದ ಕೋವಿ ಕಳವಾಗಿದೆ ಎಂದಿಟ್ಟುಕೊಳ್ಳಿ. ‘ಠಾಣೆಗೆ ಹೋದರೆ ನನ್ನನ್ನೇ ಪ್ರಶ್ನಿಸುತ್ತಾರೆ, ನಾಲ್ಕು ದಿನ ಹುಡುಕಿ ನೋಡೋಣ’ ಎಂದು ಸುಮ್ಮನಿರುವವರುಂಟು. ಇದು ತಪ್ಪು. ಆ ನಾಲ್ಕು ದಿನಗಳಲ್ಲಿ ಅದೇ ಕೋವಿಯಿಂದ ಅಪರಾಧ ನಡೆದರೆ, ಅದರ ನಂಬರು ನಿಮ್ಮ ಹೆಸರನ್ನೇ ತೋರಿಸುತ್ತದೆ.

ನಂಬರೇ ಗುರುತು: ಕೋವಿಗಳು ನೋಡಲು ಒಂದೇ ತೆರನಾಗಿರುತ್ತವೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಅದರ ಮೇಲೆ ಕೊರೆದ ನಂಬರು ಮತ್ತು ತಯಾರಕರ ಗುರುತು. ತುಕ್ಕು ತೆಗೆಯುವಾಗ ಅರದಿಂದ ಉಜ್ಜಿ ಇದನ್ನು ಅಳಿಸಬಾರದು. ನಂಬರು ಅಳಿಸುವುದನ್ನು 1959ರ ಆಯುಧ ಕಾಯಿದೆಯ 8ನೇ ಕಲಮು ನಿಷೇಧಿಸಿದೆ.

ದೂರು ಕೊಡುವ ಕ್ರಮ: ಕೋವಿ ಅಥವಾ ತೋಟಾ ಕಳೆದರೂ ಕಳವಾದರೂ ತಡಮಾಡದೆ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಪರವಾನಗಿಯ ಷರತ್ತು. ಪರವಾನಗಿ ಸಂಖ್ಯೆ, ಕೋವಿಯ ನಂಬರು, ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಕೊನೆಯದಾಗಿ ಕಂಡ ದಿನ, ಇವನ್ನು ದೂರಿನಲ್ಲಿ ಬರೆಯಿರಿ. ಕಳವಾಗಿದ್ದರೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅದನ್ನು ಉಚಿತವಾಗಿ ಕೊಡಬೇಕು. ಕಳೆದುಹೋಗಿದ್ದರೆ ದೂರು ಸ್ವೀಕರಿಸಿದ ಬಗ್ಗೆ ಹಿಂಬರಹ ಪಡೆಯಿರಿ. ಪರವಾನಗಿ ಕೊಟ್ಟ ಜಿಲ್ಲಾಧಿಕಾರಿಗಳ ಕಚೇರಿಗೂ ಲಿಖಿತವಾಗಿ ತಿಳಿಸಿ.

ಸಿಕ್ಕಿದ ಮೇಲೆ: ಬೇರೆ ಊರಿನ ಪೊಲೀಸರಿಗೆ ಕೋವಿಯೊಂದು ಸಿಕ್ಕಾಗ ಅದರ ನಂಬರನ್ನು ದಾಖಲೆಗಳೊಂದಿಗೆ ತಾಳೆ ನೋಡುತ್ತಾರೆ. ದೂರಿನಲ್ಲಿ ಒಂದು ಅಂಕಿ ತಪ್ಪಿದ್ದರೂ ತಾಳೆಯಾಗುವುದು ಕಷ್ಟ. ತಾಳೆಯಾದರೂ ಠಾಣೆಯಿಂದ ನೇರವಾಗಿ ಮನೆಗೆ ತರಲಾಗದು. ವಶಪಡಿಸಿಕೊಂಡ ವಸ್ತುವಾದ್ದರಿಂದ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಪರವಾನಗಿಯೂ ಚಾಲ್ತಿಯಲ್ಲಿರಬೇಕು. ಆದ್ದರಿಂದ ಕೋವಿ ಸಿಗಲಿಲ್ಲವೆಂದು ನವೀಕರಣದ ವಿಷಯವನ್ನು ಮರೆಯದೆ ಕಚೇರಿಯಲ್ಲಿ ವಿಚಾರಿಸಿ.

ಕೊಡಗಿನಲ್ಲಿ ಪರವಾನಗಿಯಿಂದ ವಿನಾಯಿತಿ ಪಡೆದ ಜಮ್ಮಾ ಹಿಡುವಳಿದಾರರಿಗೂ ಈ ಎಚ್ಚರಿಕೆ ಅಷ್ಟೇ ಅಗತ್ಯ.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿ ಇಟ್ಟಾಗಲೂ ನಂಬರು ಬರೆದ ರಸೀದಿ ಪಡೆಯಿರಿ. ಹಿಂದಕ್ಕೆ ತರುವಾಗ ಅದೇ ನಂಬರಿನ ಕೋವಿಯೇ ಎಂದು ನೋಡಿಕೊಳ್ಳಿ.

ಇಂದೇ ಕೋವಿಯ ನಂಬರನ್ನು ಪರವಾನಗಿಯೊಂದಿಗೆ ಹೋಲಿಸಿ, ಪಹಣಿ, ಪಾಸ್‌ಬುಕ್ಕುಗಳ ಜೊತೆ ಬರೆದಿಡಿ. ಕೋವಿ ಹೋದ ದಿನ ನಿಮ್ಮ ನೆರವಿಗೆ ಬರುವುದು ಆ ಚೀಟಿಯೇ.