ತುಕ್ಕು ಹಿಡಿದ ಜಾವಾಕ್ಕೆ ಮರುಜೀವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳೆಯ ಮನೆಗಳ ಹಿತ್ತಿಲಲ್ಲಿ ಈ ನೋಟ ಅಪರೂಪವೇನಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ, ಶೇಂಗಾ ಹೊಟ್ಟಿನ ಚೀಲಗಳ ಹಿಂದೆ, ಗಾಳಿ ಇಳಿದ ಚಕ್ರಗಳ ಮೇಲೆ ವಾಲಿ ನಿಂತ ಒಂದು ಹಳೆಯ ಮೋಟಾರ್ ಸೈಕಲ್. ಟ್ಯಾಂಕಿನ ಬಣ್ಣ ಹಕ್ಕಳೆ ಎದ್ದಿರುತ್ತದೆ. ಸೀಟಿನೊಳಗೆ ಇಲಿ ಗೂಡು ಕಟ್ಟಿರುತ್ತದೆ. ಒಂದು ಕಾಲಕ್ಕೆ ಅದೇ ಗಾಡಿ ಮನೆಯ ಯಜಮಾನನ ಹೆಮ್ಮೆ. ಸಂತೆಗೆ, ಜಾತ್ರೆಗೆ, ಆಸ್ಪತ್ರೆಗೆ, ಹೆಣ್ಣು ನೋಡುವ ಶಾಸ್ತ್ರಕ್ಕೆ ಎಲ್ಲದಕ್ಕೂ ಅದೇ ಬೇಕಾಗಿತ್ತು.

ಇಂಥ ಗಾಡಿಗಳ ಮೇಲೆ ಈಗ ಓದುವ ಹುಡುಗರ ಕಣ್ಣು ಬಿದ್ದಿದೆ. ‘ಕೊಂಡು ರಿಪೇರಿ ಮಾಡೋಣವೇ ಅಪ್ಪಾ?’ ಎಂದು ಮಗ ಕೇಳುತ್ತಾನೆ. ‘ಗುಜರಿಗೆ ಯಾಕೆ ದುಡ್ಡು ಸುರಿಯುತ್ತೀಯೋ?’ ಎಂದು ಅಪ್ಪ ಗದರುತ್ತಾನೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಹಳೆಯ ಗಾಡಿ ಒಳ್ಳೆಯ ಪಾಠಶಾಲೆಯೂ ಆಗಬಹುದು, ತಳವಿಲ್ಲದ ಬಾವಿಯೂ ಆಗಬಹುದು. ಯಾವುದಾಗುತ್ತದೆ ಎಂಬುದು ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ ಎಂಬುದನ್ನು ಅವಲಂಬಿಸಿದೆ. ಮೊದಲು ಕಾಗದ, ಆಮೇಲೆ ಇಂಜಿನ್, ಕೊನೆಗೆ ಬಣ್ಣ. ಬಹಳ ಮಂದಿ ಈ ಕ್ರಮವನ್ನು ತಿರುಗಾಮುರುಗಾ ಮಾಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಮೈಸೂರಿನ ಹೆಮ್ಮೆ

ಕನ್ನಡ ನಾಡಿನಲ್ಲಿ ಹಳೆಯ ಮೋಟಾರ್ ಸೈಕಲ್ ಎಂದೊಡನೆ ನೆನಪಾಗುವ ಹೆಸರು ಜಾವಾ. ಅದಕ್ಕೆ ಕಾರಣವೂ ಇದೆ. ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ಈ ಗಾಡಿಯನ್ನು ಇಲ್ಲೇ ತಯಾರಿಸಲು ಮೈಸೂರಿನಲ್ಲಿ ‘ಐಡಿಯಲ್ ಜಾವಾ’ ಕಾರ್ಖಾನೆ ಕಟ್ಟಿದರು. 1961ರಲ್ಲಿ ಉತ್ಪಾದನೆ ಆರಂಭವಾಯಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ‘ಯೆಜ್ಡಿ’ ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಯುವಕರ ಮನ ಗೆದ್ದಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರ ನವೆಂಬರಿನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿ ಜಾವಾ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. 2022ರಲ್ಲಿ ಯೆಜ್ಡಿ ಹೆಸರೂ ಬಂತು. ಆದರೆ ಇವು ನಾಲ್ಕು ಸ್ಟ್ರೋಕಿನ ಹೊಸ ಗಾಡಿಗಳು. ಮೈಸೂರಿನ ಎರಡು ಸ್ಟ್ರೋಕಿನ ಗಾಡಿಗಳ ಸಂತತಿ 1996ಕ್ಕೇ ನಿಂತಿತು.

ಮದರಾಸಿನ ಎನ್‌ಫೀಲ್ಡ್ ಬುಲೆಟ್, ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಇವೂ ನಮ್ಮ ಹಳ್ಳಿಗಳಲ್ಲಿ ಓಡಿವೆ. ಆದರೆ ಜಾವಾದ ಗಮ್ಮತ್ತೇ ಬೇರೆ. ಇಂಜಿನಿಗೆ ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಗೇರು ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಇದನ್ನು ಮೊದಲ ಸಲ ಕಂಡವರು ಕಿಕ್ಕರ್ ಎಲ್ಲಿದೆ ಎಂದು ಸುತ್ತಲೂ ಹುಡುಕುವುದುಂಟು!

ಮೊದಲು ಕಾಗದ

ಗಾಡಿ ಎಷ್ಟೇ ಚೆನ್ನಾಗಿರಲಿ, ಆರ್.ಸಿ. ಪುಸ್ತಕವಿಲ್ಲದಿದ್ದರೆ ಅದು ರಸ್ತೆಗೆ ಇಳಿಯುವಂತಿಲ್ಲ. ಕೊಳ್ಳುವ ಮೊದಲು ಚಾಸಿಯ ಮೇಲೆ ಕೊರೆದ ನಂಬರನ್ನೂ ಇಂಜಿನ್ ನಂಬರನ್ನೂ ಬಟ್ಟೆಯಿಂದ ಒರೆಸಿ ಪುಸ್ತಕದೊಡನೆ ತಾಳೆ ನೋಡಬೇಕು. ನಂಬರನ್ನು ಉಜ್ಜಿ ಅಳಿಸಿದ ಗುರುತು ಕಂಡರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ. ಕಳವಿನ ಮಾಲೂ ಆಗಿರಬಹುದು.

ಈ ಸೀಮೆಯವರಿಗೆ ಇನ್ನೊಂದು ತೊಡಕಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಉಳಿದ ನಾಲ್ಕು ತಾಲ್ಲೂಕುಗಳ ಜತೆಗೆ ಹೊಸ ಜಿಲ್ಲೆಗೆ ಸೇರಿತು. ಹೀಗಾಗಿ ಒಂದೇ ಊರಿನಲ್ಲಿ ಬಳ್ಳಾರಿಯ ಕೆಎ-34, ಹೊಸಪೇಟೆಯ ಕೆಎ-35, ದಾವಣಗೆರೆಯ ಕೆಎ-17 ಮೂರೂ ಫಲಕಗಳು ಕಾಣಸಿಗುತ್ತವೆ. ಕೆಎ ಬರುವುದಕ್ಕೂ ಮುಂಚಿನ ಮೂರಕ್ಷರದ ಫಲಕಗಳು ಬೇರೆ. ಗಾಡಿಯ ಮೂಲ ಕಡತ ಯಾವ ಸಾರಿಗೆ ಕಚೇರಿಯಲ್ಲಿದೆ ಎಂಬುದನ್ನು ಹಣ ಕೊಡುವ ಮೊದಲೇ ಪತ್ತೆ ಮಾಡಬೇಕು.

ಪುಸ್ತಕ ಕಳೆದಿದ್ದರೆ ನಕಲು ಪಡೆಯಲು ಫಾರಂ 26. ಹದಿನೈದು ವರ್ಷ ದಾಟಿದ ನೋಂದಣಿಯನ್ನು ನವೀಕರಿಸಲು ಫಾರಂ 25. ಮಾರಾಟವಾದರೆ ಫಾರಂ 29 ಮತ್ತು 30. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರ ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಿತ್ತಿಲಲ್ಲಿ ಮಲಗಿದ ಗಾಡಿಗಳಲ್ಲಿ ಅನೇಕವು ಅಜ್ಜನ ಹೆಸರಿನಲ್ಲೇ ಉಳಿದಿರುವುದರಿಂದ ಈ ಮಾತು ಮುಖ್ಯ. ನವೀಕರಣದ ಶುಲ್ಕ ಈಚಿನ ವರ್ಷಗಳಲ್ಲಿ ಏರಿದೆ. ಕಚೇರಿಯಲ್ಲಿ ವಿಚಾರಿಸಿ ಆ ಮೊತ್ತವನ್ನೂ ಗಾಡಿಯ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ಐವತ್ತು ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ದೊರೆಯುತ್ತದೆ. ಫಲಕದ ಮೇಲೆ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗಷ್ಟೇ ಹೊರತೆಗೆಯಬಹುದು. ದಿನವೂ ಕಾಲೇಜಿಗೆ ಓಡಿಸುವ ಆಸೆಯಿದ್ದವರಿಗೆ ಇದು ದಾರಿಯಲ್ಲ.

ಇಂಜಿನ್ ಸತ್ತಿದೆಯೋ, ಮಲಗಿದೆಯೋ?

ಕಾಗದ ಸರಿಯಿದೆ ಎಂದಾದ ಮೇಲೆ ಇಂಜಿನಿನ ಸರದಿ. ಬೆಂಕಿ ಉರಿಯಲು ಇಂಧನ, ಗಾಳಿ, ಕಾವು ಮೂರೂ ಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ. ಇಂಜಿನಿಗೂ ಅದೇ ನಿಯಮ. ಕಾರ್ಬುರೇಟರಿನಿಂದ ಪೆಟ್ರೋಲು ಬೆರೆತ ಗಾಳಿ ಬರಬೇಕು, ಪಿಸ್ಟನ್ ಅದನ್ನು ಚೆನ್ನಾಗಿ ಒತ್ತಬೇಕು, ಪ್ಲಗ್ಗಿನಲ್ಲಿ ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸಿದರೆ ರೋಗ ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಎಲ್ಲ ಬಿಡಿಭಾಗಗಳನ್ನೂ ಒಮ್ಮೆಗೇ ಬದಲಿಸುವವನಿಗೆ ಯಾವುದು ಕೆಟ್ಟಿತ್ತೆಂಬುದೇ ತಿಳಿಯುವುದಿಲ್ಲ.

ವರ್ಷಗಟ್ಟಲೆ ನಿಂತ ಗಾಡಿಯ ಕಿಕ್ಕರ್ ಅಲುಗದಿದ್ದರೆ ಅದರ ಮೇಲೆ ಹತ್ತಿ ತುಳಿಯಬಾರದು. ಸಿಲಿಂಡರಿನ ಒಳಗೋಡೆಯ ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ಪಿಸ್ಟನ್ನಿನ ರಿಂಗುಗಳನ್ನು ಹಿಡಿದುಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಬೆರೆಸಿದ ಇಂಜಿನ್ ಆಯಿಲ್ ಹಾಕಿ ಕೆಲವು ದಿನ ಬಿಡಬೇಕು. ಆಮೇಲೆ ಗಾಡಿಯನ್ನು ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ಹಿಂದೆಮುಂದೆ ಮೆಲ್ಲಗೆ ಅಲುಗಾಡಿಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ಸಿಲಿಂಡರಿನ ಗಾತ್ರದ ಸೂತ್ರ ಹಾಕಿದರೆ ಸುಮಾರು 249 ಘನ ಸೆಂಟಿಮೀಟರ್ ಬರುತ್ತದೆ. ‘250 ಸಿ.ಸಿ.’ ಎಂದು ಕರೆಯುವುದು ಇದನ್ನೇ. ಸಿಲಿಂಡರ್ ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 100 ಡಿಗ್ರಿ ಸೆಲ್ಸಿಯಸ್ ಕಾವು ಏರಿದರೆ ಪಿಸ್ಟನ್ ಸುಮಾರು 0.15 ಮಿ.ಮೀ., ಸಿಲಿಂಡರ್ ಸುಮಾರು 0.07 ಮಿ.ಮೀ. ಹಿಗ್ಗುತ್ತವೆ. ಹೊಸದಾಗಿ ಬೋರ್ ಮಾಡಿಸಿದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕೆಂದು ಮೆಕ್ಯಾನಿಕ್‌ಗಳು ಹೇಳುವುದು ಸುಮ್ಮನೆ ಅಲ್ಲ. ಉಜ್ಜಿ ನಯವಾಗುವ ಮೊದಲೇ ವೇಗ ಹೆಚ್ಚಿಸಿದರೆ ಹಿಗ್ಗಿದ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಎರಡು ಸ್ಟ್ರೋಕಿನ ಇಂಜಿನಿನಲ್ಲಿ ಮತ್ತೊಂದು ಗುಟ್ಟಿದೆ. ಕ್ರಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು ವರ್ಷಗಟ್ಟಲೆ ನಿಂತಲ್ಲಿ ಒಣಗಿ ಬಿರುಕು ಬಿಡುತ್ತವೆ. ಅಲ್ಲಿಂದ ಬೇಡದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ಇಂಜಿನ್ ವಿಪರೀತ ಕಾಯುತ್ತದೆ. ಬೆಲೆಯಲ್ಲಿ ಸಣ್ಣದಾದ ಈ ಸೀಲನ್ನು ಮರೆತರೆ ದೊಡ್ಡ ಖರ್ಚು ಕಾದಿರುತ್ತದೆ.

ತುಕ್ಕು ತೆಗೆಯುವ ಬಗೆ

ಟ್ಯಾಂಕಿನ ಒಳಗಿನ ತುಕ್ಕಿಗೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಸಾಕು. ಒಂದೆರಡು ದಿನ ತುಂಬಿಸಿಟ್ಟು ಚೆಲ್ಲಿ, ಅಡುಗೆ ಸೋಡಾದ ನೀರಿನಿಂದ ತೊಳೆದು ಆಮ್ಲದ ಶೇಷವನ್ನು ಕಳೆಯಬೇಕು. ಪೂರ್ತಿ ಒಣಗಿಸಿ ಒಳಗೆಲ್ಲ ಎಣ್ಣೆ ಸವರದಿದ್ದರೆ ತುಕ್ಕು ಮತ್ತೆ ಹಿಡಿಯುತ್ತದೆ.

ಸಣ್ಣ ಕಬ್ಬಿಣದ ಭಾಗಗಳಿಗೆ ವಿದ್ಯುದ್ವಿಭಜನೆ ಒಳ್ಳೆಯ ಪ್ರಯೋಗ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಟ್ಟೆ ಸೋಡಾ ಕರಗಿಸಿದ ನೀರು, 12 ವೋಲ್ಟಿನ ಬ್ಯಾಟರಿ ಚಾರ್ಜರ್, ಒಂದು ಹಳೆಯ ಕಬ್ಬಿಣದ ತುಂಡು ಇದ್ದರಾಯಿತು. ತುಕ್ಕು ಹಿಡಿದ ಭಾಗಕ್ಕೆ ಋಣ ತಂತಿ, ಕಬ್ಬಿಣದ ತುಂಡಿಗೆ ಧನ ತಂತಿ. ಹೊರಡುವ ಗುಳ್ಳೆಗಳಲ್ಲಿ ಉರಿಯುವ ಜಲಜನಕ ಇರುವುದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಕೂಡದು. ಸ್ಟೀಲ್ ಚಮಚ, ತಟ್ಟೆಗಳನ್ನು ಧನ ತುದಿಗೆ ಬಳಸಬಾರದು. ಅವುಗಳಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಸೇರಬಹುದು.

ತಂದೆತಾಯಿ ಗಮನಿಸಬೇಕಾದ ಒಂದು ಅಪಾಯವಿದೆ. ಖಾಲಿ ಟ್ಯಾಂಕು ಎಂದುಕೊಂಡು ಅದಕ್ಕೆ ಬೆಸುಗೆ ಹಾಕಿಸುವುದು ಪ್ರಾಣಕ್ಕೆ ಕುತ್ತು. ಒಳಗೆ ಉಳಿದ ಪೆಟ್ರೋಲಿನ ಆವಿ ಸಿಡಿಯುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಹೆಚ್ಚು ಅಪಾಯಕಾರಿ.

ಹೊಗೆಯ ಲೆಕ್ಕ

ಈ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತದೆ. ಅಲ್ಲದೆ ಎರಡು ಸ್ಟ್ರೋಕಿನ ಇಂಜಿನಿನಲ್ಲಿ ಹೊಸ ಮಿಶ್ರಣ ಒಳಬರುವಾಗಲೂ ಹಳೆಯ ಹೊಗೆಯ ದಾರಿ ತೆರೆದೇ ಇರುತ್ತದೆ. ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊರಹೋಗುತ್ತದೆ. ಮೈಲೇಜು ಕಡಿಮೆ, ಹೊಗೆ ಹೆಚ್ಚು. ಹೊಗೆಯ ನಿಯಮಗಳು ಬಿಗಿಯಾದಂತೆ ಇಂಥ ಇಂಜಿನುಗಳು ಹಿಂದೆ ಸರಿದುದು ಸಹಜವೇ. ಅಪರೂಪಕ್ಕೆ ಓಡಿಸುವುದು ಬೇರೆ, ದಿನಬಳಕೆ ಬೇರೆ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರಿಗೆ ಆಗಿಬರುವುದಿಲ್ಲ. ಆದ್ದರಿಂದ ಹಳೆಯ ಪೆಟ್ರೋಲ್ ಪೈಪನ್ನು ಬದಲಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವಾಗ ಕಾರ್ಬುರೇಟರ್ ಖಾಲಿ ಮಾಡಿಡಬೇಕು.

ಹದಿನಾರರಿಂದ ಹದಿನೆಂಟು

ಗೇರು ಇರುವ ಗಾಡಿಯನ್ನು ಓಡಿಸಲು 18 ವರ್ಷ ತುಂಬಿರಬೇಕು. ಅಪ್ರಾಪ್ತ ವಯಸ್ಸಿನವರ ಕೈಗೆ ಗಾಡಿ ಕೊಟ್ಟು ಅಪರಾಧ ನಡೆದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದಾಗುತ್ತದೆ. ‘ಊರೊಳಗೆ ತಾನೆ, ಒಂದು ಸುತ್ತು ಹೊಡೆದು ಬರಲಿ’ ಎನ್ನುವ ಸಲುಗೆಗೆ ತೆರಬೇಕಾದ ಬೆಲೆ ಇದು.

ಆದರೆ ಬಿಚ್ಚಿ ಜೋಡಿಸಲು ಲೈಸೆನ್ಸ್ ಬೇಕಿಲ್ಲ! ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನಿಗೋ ಹುಡುಗಿಗೋ 18 ತುಂಬಲು ಇನ್ನೂ ಎರಡು ವರ್ಷವಿರುತ್ತದೆ. ರಜಾದಿನಗಳ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಅವಧಿ. ಊರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಗುರುವಾಗಿ ಒಪ್ಪಿಕೊಂಡರೆ ಅರ್ಧ ಕೆಲಸ ಆದಂತೆ. ಜಾವಾ ಬಿಚ್ಚಿ ಪಳಗಿದ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಇಲ್ಲ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ, ಚಿತ್ರ ಬರೆದು, ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ದಾಖಲಿಸಬೇಕು. ತಂದೆತಾಯಿ ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕಿ ಆ ನೋಟ್‌ಬುಕ್ಕನ್ನು ಆಗಾಗ ನೋಡುತ್ತಿದ್ದರೆ ದುಡ್ಡೂ ಹಿಡಿತದಲ್ಲಿರುತ್ತದೆ, ಮಕ್ಕಳಿಗೆ ಲೆಕ್ಕದ ಶಿಸ್ತೂ ಬರುತ್ತದೆ.

ಬಣ್ಣ ಎಲ್ಲಕ್ಕಿಂತ ಕೊನೆಗೆ. ಇಂಜಿನ್ ಸದ್ದು ಮಾಡಿ, ಬ್ರೇಕು ಹಿಡಿದು, ಹೊಸ ಟೈರು ಬಂದು, ವಿಮೆಯೂ ಹೊಗೆ ತಪಾಸಣೆಯ ಪತ್ರವೂ ಕೈಸೇರಿದ ಮೇಲಷ್ಟೇ ಬಣ್ಣದ ಮಾತು. ಮೊದಲೇ ಬಣ್ಣ ಹೊಡೆಸಿ ಹೊಳೆಯುವಂತೆ ಮಾಡಿ ಮಾರುವವರೂ ಇದ್ದಾರೆ. ಕೊಳ್ಳುವವರು ಆ ಹೊಳಪಿಗೆ ಮರುಳಾಗಬಾರದು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳ ಒಡೆಯರು ಒಂದೆಡೆ ಸೇರುತ್ತಾರೆ. ಬಿಡಿಭಾಗ ಎಲ್ಲಿ ಸಿಗುತ್ತದೆ, ಯಾರ ಕೈ ಒಳ್ಳೆಯದು ಎಂಬ ವಿಚಾರ ಇಂಥ ಕಡೆ ತಿಳಿಯುತ್ತದೆ.

ದುಡ್ಡಿನ ಲೆಕ್ಕವನ್ನಷ್ಟೇ ನೋಡಿದರೆ ಹಳೆಯ ಗಾಡಿ ಲಾಭದ ವ್ಯವಹಾರವಲ್ಲ. ಕೊಂಡ ಬೆಲೆಗಿಂತ ರಿಪೇರಿಯ ಬೆಲೆ ಹೆಚ್ಚಾಗುವುದೇ ಸಾಮಾನ್ಯ. ಆದರೆ ಕೆಟ್ಟದ್ದನ್ನು ಎಸೆಯದೆ ಯಾಕೆ ಕೆಟ್ಟಿತು ಎಂದು ಹುಡುಕುವ ಬುದ್ಧಿ, ಒಂದು ನಟ್ಟಿಗಾಗಿ ವಾರ ಕಾಯುವ ತಾಳ್ಮೆ ಇವು ಯಾವ ಟ್ಯೂಷನ್ನಿನಲ್ಲೂ ಸಿಗುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಕೈಗೆ ಗ್ರೀಸು ಹತ್ತಿದವರಿಗೂ ಸಲ್ಲುತ್ತದೆ.